ಹೊತ್ತು ಎಲ್ಲಿ ಹೋಯಿತು?

ಮೂರು ನಾಲ್ಕು ವರ್ಷದ ಮಕ್ಕಳಿಗೆ ಹಗಲು ಇರುಳುಗಳನ್ನು ಕಲಿಸುವುದೆಂದರೆ ಏನು? ಮೀನಿನ ಮರಿಗೆ ಈಜು ಕಲಿಸಿದ ಹಾಗೆ ಎಂದು ಕೇಳುಗರಲ್ಲಿ ಕೆಲವರಾದರೂ ನಗಬಹುದು. ಹುಟ್ಟಿದ ಕೂಸು ಕೆಲವೇ ತಿಂಗಳುಗಳಲ್ಲಿ ಇರುಳು ಹೆಚ್ಚು ಮಲಗಿ ಹಗಲು ಹೆಚ್ಚು ಎಚ್ಚರವಿರಲು ತಾನಾಗಿಯೇ ರೂಢಿಸಿಕೊಳ್ಳುತ್ತದೆ. ಕತ್ತಲಾದರೆ ತಾಯಿಯ ಸೆರಗು ಹಿಡಿಯುವುದನ್ನೂ, ಬೆಳಗಾದರೆ ಅಂಗಳಕ್ಕೆ ಓಡುವುದನ್ನೂ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಇಂದು ಬಾಲವಾಡಿ, ಅಂಗನವಾಡಿ, ಎಲ್‌ಕೆಜಿ, ಯುಕೆಜಿಗಳಲ್ಲೆಲ್ಲ ಇದೊಂದು ಪಾಠವಾಗಿ ನಿಂತಿದೆ. ಪಾಠವೆಂದ ಮೇಲೆ ಅದಕ್ಕೊಂದು ಪ್ರಶ್ನೆ, ಪ್ರಶ್ನೆಯೆಂದ ಮೇಲೆ ಅದಕ್ಕೊಂದು ಉತ್ತರ ಇರಲೇಬೇಕಷ್ಟೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಹಗಲು ರಾತ್ರಿಗಳಾಗುತ್ತವೆ ಎಂಬುದು ಆ ಉತ್ತರ. ಇದನ್ನು ನಾಲ್ಕು ವರ್ಷದ ಕೂಸು ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಮನೆಗೆ ಬಂದ ಅತಿಥಿಗಳು ಚಪ್ಪಾಳೆ ತಟ್ಟುತ್ತಾರೆ.

ಆ ಚಪ್ಪಾಳೆಯ ಬಗೆಗೆ ನನಗೆ ಸಂಶಯವಿದೆ. ಆ ಸಂಶಯವನ್ನು ಬಿಡಿಸಿ ಹೇಳುವುದೇ ಈ ಭಾಷಣದ ಉದ್ದೇಶ.

ನಾನು ವಿಜ್ಞಾನದವನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈಗ ಬೈಲಹೊಂಗಲದಲ್ಲಿ ನೆಲೆ. ಬಂಧುಗಳು ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಹರಡಿಕೊಂಡಿರುವುದರಿಂದ ಈ ನಾಲ್ಕು ಊರುಗಳ ನಡುವೆ ನನ್ನ ತಿರುಗಾಟ ನಡೆದೇ ಇರುತ್ತದೆ. ಎಲ್ಲಿಗೆ ಹೋದರೂ ಓಣಿಯ ಅಂಗನವಾಡಿಯಲ್ಲಿ ಒಂದು ಗಳಿಗೆ ಕುಳಿತು ಮಕ್ಕಳಿಗೆ ಕಥೆ ಹೇಳುವುದು, ಅವರು ಹೇಳಿದ್ದನ್ನು ಕೇಳುವುದು ನನಗೆ ಅಂಟಿಕೊಂಡ ಚಟ. ಒಂದು ದಿನ ಕೇಳಿದೆ: “ಹೊತ್ತು ಮುಣಗಿದ ಮ್ಯಾಲ ಎಲ್ಲಿ ಹೋಗತೈತಿ?” ಉತ್ತರಗಳು ಮಳೆಯ ಹಾಗೆ ಬಂದವು. “ಮಕ್ಕೊಳ್ಳಾಕ ಹೋಗತೈತ್ರಿ ಅಜ್ಜಾರ.” “ಗುಡ್ಡದ ಹಿಂದ ಅದರ ಮನಿ ಐತ್ರಿ.” “ಕತ್ತಲಿ ಬಂದು ನುಂಗತೈತ್ರಿ.” ಪಟ್ಟಣದ ಶಾಲೆಯೊಂದರ ಎಲ್‌ಕೆಜಿಗೆ ಹೋಗುವ ಹುಡುಗನೊಬ್ಬ ಅಂದು ರಜೆಯಾದ್ದರಿಂದ ತಂಗಿಯ ಜೊತೆಗೆ ಬಂದು ಕುಳಿತಿದ್ದ. ಅವನು ಎದ್ದು ನಿಂತು ಭೂಮಿ ತಿರುಗುವ ಮಾತನ್ನು ತಪ್ಪಿಲ್ಲದೆ ಹೇಳಿದ. “ಶಾಣ್ಯಾ ಆದಿ. ಆ ಭೂಮಿ ಎಲ್ಲಿ ಐತೆಪ?” ಎಂದೆ. “ನಮ್ಮ ಮಿಸ್ ಟೇಬಲ್ ಮ್ಯಾಲ ಐತ್ರಿ” ಎಂದ.

ನಗುವ ಮಾತಲ್ಲ ಇದು. ಆ ಹುಡುಗ ತಾನು ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳಿದ್ದಾನೆ. ತಿರುಗುವ ಭೂಮಿಯನ್ನು ಅವನು ನೋಡಿದ್ದು ಮೇಜಿನ ಮೇಲೆಯೇ. ಅವನು ನಿಂತ ನೆಲ, ಅವನ ಓಣಿ, ಅವನ ಹೊಲ ಇವೆಲ್ಲ ಬೇರೆ; ಅವು ತಿರುಗುವುದಿಲ್ಲ. ಮಕ್ಕಳ ಮನಸ್ಸಿನ ಈ ಎರಡು ಭೂಮಿಗಳನ್ನು ವಿದ್ವಾಂಸರು ಕಂಡುಕೊಂಡಿದ್ದಾರೆ. ಸ್ಟೆಲ್ಲಾ ವೋಸ್ನಿಯಾಡೂ ಮತ್ತು ವಿಲಿಯಂ ಬ್ರೂವರ್ ಎಂಬ ಸಂಶೋಧಕರು ಅಮೆರಿಕದ ಪ್ರಾಥಮಿಕ ಶಾಲೆಯ ಮಕ್ಕಳನ್ನು ಮಾತಾಡಿಸಿ 1992ರಲ್ಲಿ ಭೂಮಿಯ ಆಕಾರದ ಬಗೆಗೂ, 1994ರಲ್ಲಿ ಹಗಲು ರಾತ್ರಿಗಳ ಬಗೆಗೂ ಲೇಖನಗಳನ್ನು ಪ್ರಕಟಿಸಿದರು. ಭೂಮಿ ದುಂಡಗಿದೆ ಎಂದು ಹೇಳುವ ಮಕ್ಕಳಲ್ಲಿಯೇ ಕೆಲವರು, ದುಂಡಗಿನ ಭೂಮಿ ಆಕಾಶದಲ್ಲಿದೆ, ನಾವಿರುವ ಭೂಮಿ ಚಪ್ಪಟೆಯಾಗಿದೆ ಎಂದು ತಿಳಿದಿದ್ದರು. ಇನ್ನು ಕೆಲವರು ದೊಡ್ಡವರ ಮಾತನ್ನೂ ತಮ್ಮ ಕಣ್ಣನ್ನೂ ಕೂಡಿಸಿ ಹೊಸದೊಂದು ಲೋಕವನ್ನೇ ಕಟ್ಟಿದ್ದರು: ಭೂಮಿ ತಿರುಗುತ್ತದೆ, ಒಂದು ಬದಿಗೆ ಸೂರ್ಯ ನಿಂತಿದ್ದಾನೆ, ಇನ್ನೊಂದು ಬದಿಗೆ ಚಂದ್ರ ನಿಂತಿದ್ದಾನೆ, ಚಂದ್ರನ ಕಡೆಗೆ ಯಾವಾಗಲೂ ರಾತ್ರಿ. ಇವರ ಜೊತೆಗೆ ಅಲಾ ಸಮರಪುಂಗವನ್ ಅವರು ಸೇರಿ ನಮ್ಮ ಹೈದರಾಬಾದಿನ ಮಕ್ಕಳನ್ನು ಕೇಳಿ 1996ರಲ್ಲಿ ಬರೆದ ಲೇಖನದಲ್ಲಿ, ಭೂಮಿ ನೀರಿನ ಮೇಲೆ ತೇಲುತ್ತದೆ ಎಂಬ ನಂಬಿಕೆ ಅಲ್ಲಿ ಕಾಣಿಸಿತು. ಅಜ್ಜಿಯ ಕಥೆಯೂ ಶಾಲೆಯ ಪಾಠವೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಡಿಗೆಗೆ ಇದ್ದವೆನ್ನಬೇಕು. ಇವರೆಲ್ಲ ಆರು ವರ್ಷ ದಾಟಿದ ಮಕ್ಕಳೆಂಬುದನ್ನು ಮರೆಯಬಾರದು.

ಇವರಿಗಿಂತ ಬಹಳ ಮೊದಲೇ, 1926ರಲ್ಲಿ, ಜಿನೀವಾದ ಜಾನ್ ಪಿಯಾಜೆ ಇನ್ನೂ ಚಿಕ್ಕ ಮಕ್ಕಳ ಮಾತುಗಳನ್ನು ಕೂಡಿಸಿ ಪುಸ್ತಕ ಬರೆದಿದ್ದ. ರಾತ್ರಿಯೆಂದರೆ ಆಕಾಶವನ್ನು ತುಂಬುವ ಕರಿಯ ಮೋಡ, ನಾವು ಮಲಗಲಿ ಎಂದು ಅದು ಬರುತ್ತದೆ ಎಂದು ಆ ಮಕ್ಕಳು ಹೇಳಿದ್ದವು. ಚಂದ್ರ ತಮ್ಮ ಜೊತೆಗೇ ನಡೆದು ಬರುತ್ತಾನೆ ಎಂಬುದೂ ಅವುಗಳ ದೃಢವಾದ ನಂಬಿಕೆ. ಇದನ್ನು ಓದಿದಾಗ ನನಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ನೆನಪಾದವು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಸುತ್ತಲಿನ ಸೀಮೆಯೆಲ್ಲ ಗುಡ್ಡದ ಕಡೆಗೆ ಹೊರಳುತ್ತದೆ. ಟ್ರ್ಯಾಕ್ಟರುಗಳ ನಡುವೆ ಇಂದಿಗೂ ಗೆಜ್ಜೆ ಕಟ್ಟಿದ ಎತ್ತಿನ ಗಾಡಿಗಳನ್ನು ಕಾಣಬಹುದು. ಬೆಳದಿಂಗಳಲ್ಲಿ ಚಕ್ಕಡಿಯೊಳಗೆ ಕೌದಿ ಹೊದ್ದು ಅಂಗಾತ ಮಲಗಿದ ಕೂಸು, “ಚಂದಪ್ಪನೂ ನಮ್ಮ ಗೂಡ ಗುಡ್ಡಕ್ಕ ಬರಾಕತ್ತಾನ” ಎನ್ನುತ್ತದೆ. ಜಿನೀವಾಕ್ಕೂ ಸವದತ್ತಿಗೂ ಈ ವಿಷಯದಲ್ಲಿ ಭೇದವಿಲ್ಲ.

ಮಗುವಿನ ಈ ಮಾತು ಅಜ್ಞಾನವೆ? ಬಹು ದೂರದ ವಸ್ತು ನಾವು ಎಷ್ಟು ಸರಿದರೂ ಇದ್ದ ದಿಕ್ಕಿನಲ್ಲಿಯೇ ಕಾಣುತ್ತದೆ, ಹತ್ತಿರದ ಗಿಡಮರ ಹಿಂದೆ ಓಡುತ್ತವೆ. ಮಗು ಕಂಡದ್ದು ಸರಿಯಾಗಿಯೇ ಇದೆ. ಅದಕ್ಕೆ ಹಚ್ಚಿದ ಕಾರಣ ಮಾತ್ರ ಬೇರೆ. ಸರಿಯಾಗಿ ಕಾಣುವ ಕಣ್ಣಿದ್ದರೆ ಕಾರಣವನ್ನು ಎಂಟು ಹತ್ತು ವರ್ಷಕ್ಕೆ ತಿದ್ದಿಕೊಳ್ಳಬಹುದು. ಕಾಣುವ ಮೊದಲೇ ಕಾರಣವನ್ನು ಬಾಯಿಗೆ ತುರುಕಿದರೆ ಕಣ್ಣು ತನ್ನ ಕೆಲಸವನ್ನೇ ಬಿಟ್ಟುಬಿಡುತ್ತದೆ. ನನ್ನ ವಾದವೆಲ್ಲ ಇಷ್ಟೆ. ಆರು ವರ್ಷದ ಒಳಗಿನ ಮಕ್ಕಳಿಗೆ ಹಗಲಿರುಳುಗಳ ಕಾರಣ ಬೇಡ, ಹಗಲಿರುಳುಗಳೇ ಬೇಕು.

ಭೂಮಿ ತಿರುಗುತ್ತದೆ ಎಂಬ ಮಾತು ಎಷ್ಟು ಕಠಿಣವಾದುದು ಎಂಬುದನ್ನು ನಾವು ದೊಡ್ಡವರು ಮರೆತಿದ್ದೇವೆ. ಕ್ರಿ.ಶ. 499ರ ಸುಮಾರಿಗೆ ಆರ್ಯಭಟ ಇದನ್ನು ಹೇಳಿದ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮೇಲಿನ ನಿಶ್ಚಲ ವಸ್ತುಗಳು ಹಿಂದೆ ಸರಿದಂತೆ ಕಾಣುವ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ ಎಂಬುದು ಅವನು ಕೊಟ್ಟ ದೃಷ್ಟಾಂತ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಕುಳಿತ ಯಾವ ಕೂಸಿಗೂ ಈ ಅನುಭವ ಉಂಟು. ಆದರೆ ಆರ್ಯಭಟನಾದ ನೂರಾ ಮೂವತ್ತು ವರ್ಷದ ಮೇಲೆ, 628ರಲ್ಲಿ, ಬ್ರಹ್ಮಗುಪ್ತನಂಥ ಮಹಾಗಣಿತಜ್ಞನೇ ಇದನ್ನು ಒಪ್ಪಲಿಲ್ಲ. ಭೂಮಿ ಹಾಗೆ ತಿರುಗಿದರೆ ಎತ್ತರದ ವಸ್ತುಗಳು ಏಕೆ ಉರುಳಿ ಬೀಳುವುದಿಲ್ಲ ಎಂದು ಕೇಳಿದ. ಯುರೋಪಿನಲ್ಲಿ ಕೋಪರ್ನಿಕಸನ ಗ್ರಂಥ ಬಂದದ್ದು 1543ರಲ್ಲಿ. ಪ್ಯಾರಿಸ್ಸಿನಲ್ಲಿ ಫೂಕೋ ಎಂಬಾತ ಉದ್ದನೆಯ ತಂತಿಗೆ ಗುಂಡು ತೂಗುಬಿಟ್ಟು, ನೆಲ ತಿರುಗುವುದನ್ನು ಜನರ ಕಣ್ಣಿಗೆ ಕಾಣಿಸಿದ್ದು 1851ರಲ್ಲಿ. ಬ್ರಹ್ಮಗುಪ್ತನಿಗೆ ದಕ್ಕದ ಮಾತು ಯುಕೆಜಿಯ ಕೂಸಿಗೆ ದಕ್ಕಲಿ ಎನ್ನುವವರ ಧೈರ್ಯಕ್ಕೆ ಏನೆನ್ನಬೇಕೋ ತಿಳಿಯದು.

ಹಾಗಾದರೆ ಆ ವಯಸ್ಸಿಗೆ ಏನನ್ನು ಕೊಡಬೇಕು? ಮೊದಲು ಮಾತನ್ನು ಕೊಡಬೇಕೆಂದು ನಾನು ಹೇಳಿದರೆ, ಕನ್ನಡದ ಮೇಷ್ಟರು ಮತ್ತೇನು ಹೇಳಿಯಾರು ಎಂದು ತಾವು ಮುಗುಳುನಗಬಹುದು. ಆದರೆ ನಮ್ಮ ನುಡಿಯಲ್ಲಿ ಹಗಲಿರುಳುಗಳ ಪಾಠ ಆಗಲೇ ತುಂಬಿಕೊಂಡಿದೆ. ನಮ್ಮ ಸೀಮೆಯಲ್ಲಿ ‘ಹೊತ್ತು’ ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಹೊಂಡುತ್ತದೆ, ಹೊತ್ತು ಏರುತ್ತದೆ, ಹೊತ್ತು ಇಳಿಯುತ್ತದೆ, ಹೊತ್ತು ಮುಳುಗುತ್ತದೆ. ಸೂರ್ಯನ ನಡೆಯೇ ಕಾಲವೆಂಬ ತತ್ತ್ವವನ್ನು ಬೇರೆ ಹೇಳಬೇಕಾಗಿಯೇ ಇಲ್ಲ. ‘ತಿಂಗಳು’ ಎಂದರೆ ಚಂದ್ರನೂ ಹೌದು, ಅವನು ತುಂಬಿ ಸವೆಯುವ ಅವಧಿಯೂ ಹೌದು. ಹೊತ್ತು ಮೂಡುವ ಕಡೆ ಮೂಡಲು, ಪಡುವ ಕಡೆ ಪಡುವಲು. ನಾವು ರಾತ್ರಿಗೆ ಹೇಳುವ ‘ಇರುಳು’ ತಮಿಳಿನಲ್ಲಿ ಕತ್ತಲೆಗೆ ಹೆಸರು. ನಸುಕು, ಮುಂಜಾವು, ಏರುಹೊತ್ತು, ಮಟಮಟ ಮಧ್ಯಾಹ್ನ, ಇಳಿಹೊತ್ತು, ಮುಚ್ಚಂಜೆ, ದೀಪ ಹಚ್ಚುವ ಹೊತ್ತು, ಸರಹೊತ್ತು, ಬೆಳ್ಳಿ ಮೂಡುವ ಹೊತ್ತು, ಕೋಳಿ ಕೂಗುವ ಹೊತ್ತು: ಒಂದು ದಿನವನ್ನು ಎಷ್ಟು ತುಂಡುಗಳಾಗಿ, ಎಷ್ಟು ಬಣ್ಣಗಳಾಗಿ ನಮ್ಮ ಹಿರಿಯರು ಕಂಡಿದ್ದರು! ಇವುಗಳ ಜಾಗದಲ್ಲಿ ಗುಡ್ ಮಾರ್ನಿಂಗ್, ಗುಡ್ ನೈಟ್ ಎಂಬ ಎರಡೇ ಡಬ್ಬಿಗಳನ್ನು ಮಗುವಿನ ಕೈಗೆ ಕೊಟ್ಟರೆ ಅದು ಎರಡನ್ನೇ ಕಾಣುತ್ತದೆ. ಹೊತ್ತು ಮೂಡಿತು ಎನ್ನುವುದು ವಿಜ್ಞಾನಕ್ಕೆ ವಿರುದ್ಧವಲ್ಲವೆ ಎಂದು ಒಬ್ಬ ತರುಣ ಶಿಕ್ಷಕರು ನನ್ನನ್ನು ಕೇಳಿದರು. ಖಗೋಳಶಾಸ್ತ್ರಜ್ಞರು ಬರೆದ ಪಂಚಾಂಗದಲ್ಲಿಯೂ ಸೂರ್ಯೋದಯ, ಸೂರ್ಯಾಸ್ತವೆಂದೇ ಇದೆಯಲ್ಲ ಎಂದೆ.

ಇನ್ನು ಆಟಕ್ಕೆ ಬರೋಣ. ಆಟದಿಂದ ಕಲಿಸಬೇಕೆಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿಯ ಹಂತವೆಂದು ಹಿಡಿದು ಆಟಕ್ಕೆ ಅಲ್ಲಿ ಮುಖ್ಯ ಸ್ಥಾನ ಕೊಟ್ಟಿತು. ಇದರ ಬೇರು ಹಳೆಯದು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮದ ಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. ಶಾಲೆಗೆ ಬಾರದ ಮಕ್ಕಳಿದ್ದಲ್ಲಿಗೆ, ಅವರ ಅಂಗಳಕ್ಕೇ ಶಾಲೆಯನ್ನು ಒಯ್ದರು; ಅನುತಾಯಿ ವಾಘ ಅವರಿಗೆ ಹೆಗಲು ಕೊಟ್ಟರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲ ಅಂಗನವಾಡಿಗಳು ತೆರೆದವು. ಅಂಗನವೆಂದರೆ ಅಂಗಳ. ಹಗಲನ್ನು ಕಲಿಸುವುದಕ್ಕೆ ಬಿಸಿಲು ಬೀಳುವ ಅಂಗಳಕ್ಕಿಂತ ದೊಡ್ಡ ಹಲಗೆ ಬೇರೆ ಯಾವುದಿದೆ? ಆದರೆ ಆಟವೆಂದರೆ ಉತ್ತರವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಡುವುದಲ್ಲ. ಗೋಲಕ್ಕೆ ಬ್ಯಾಟರಿಯ ಬೆಳಕು ಬಿಟ್ಟು ತಿರುಗಿಸಿ ತೋರಿಸುವುದನ್ನು ಆಟವೆಂದು ಕರೆದರೂ ಅಲ್ಲಿ ಆಡುವವರು ಶಿಕ್ಷಕರೊಬ್ಬರೇ. ಮಕ್ಕಳು ಪ್ರೇಕ್ಷಕರು.

ನೆರಳಿನ ಆಟ ಹಾಗಲ್ಲ. ಬೈಲಹೊಂಗಲದ ನಮ್ಮ ಓಣಿಯ ಅಕ್ಕೋರು ಅದನ್ನು ಆಡಿಸುವ ರೀತಿ ನನಗೆ ಮೆಚ್ಚಿಗೆ. ಬೆಳಿಗ್ಗೆ ಮಕ್ಕಳು ಬಂದೊಡನೆ ಒಬ್ಬಳನ್ನು ಅಂಗಳದಲ್ಲಿ ನಿಲ್ಲಿಸುತ್ತಾರೆ. ಉಳಿದವರು ಅವಳ ಪಾದದ ಸುತ್ತ ಗೆರೆ ಎಳೆದು, ನೆರಳಿನ ಸುತ್ತ ರಂಗೋಲಿ ಹುಡಿ ಉದುರಿಸುತ್ತಾರೆ. ಕೋಲುದ್ದದ ಹುಡುಗಿ ನೆಲದ ಮೇಲೆ ಮಲಗಿರುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಅದೇ ಪಾದದ ಗೆರೆಯಲ್ಲಿ ಬಂದು ನಿಂತರೆ ನೆರಳು ಕಾಲ ಬುಡಕ್ಕೆ ಬಂದು ಕುಗ್ಗಿದೆ. “ನನ್ನ ನೆಳ್ಳ ಯಾರ ತುಡಗ ಮಾಡಿದ್ರಿ?” ಎಂದು ಅವಳು ಒಂದು ಸಲ ಅಳುವುದಕ್ಕೇ ಕುಳಿತಳು. ಮನೆಗೆ ಹೋಗುವ ಹೊತ್ತಿಗೆ ನೆರಳು ಮತ್ತೆ ಉದ್ದವಾಗಿದೆ, ಆದರೆ ಇನ್ನೊಂದು ಕಡೆಗೆ ಚಾಚಿದೆ. ಅಕ್ಕೋರು ಏನನ್ನೂ ವಿವರಿಸುವುದಿಲ್ಲ. “ನಾಳಿ ಎತ್ತಾಗ ಬೀಳತೈತಿ?” ಎಂದಷ್ಟೇ ಕೇಳುತ್ತಾರೆ. ನಾಲ್ಕನೆಯ ದಿನಕ್ಕೆ ಮಕ್ಕಳು ಮೊದಲೇ ಹೋಗಿ ನೆರಳು ಬೀಳಬೇಕಾದ ಕಡೆ ಕಲ್ಲು ಇಟ್ಟು ಕಾಯುತ್ತಿದ್ದವು. ಇದಕ್ಕಿಂತ ದೊಡ್ಡ ವಿಜ್ಞಾನ ಆ ವಯಸ್ಸಿಗೆ ಇಲ್ಲ. ಈ ಆಟದಲ್ಲಿ ಇನ್ನೊಂದು ಅನುಕೂಲವಿದೆ. ನೆರಳು ನೋಡುವವರ ಬೆನ್ನು ಸೂರ್ಯನ ಕಡೆಗಿರುತ್ತದೆ. ಸೂರ್ಯನನ್ನು ನೇರವಾಗಿ ದಿಟ್ಟಿಸಿದರೆ ಕಣ್ಣಿಗೆ ಶಾಶ್ವತವಾದ ಹಾನಿಯಾಗುವುದರಿಂದ ಇದನ್ನು ಮಕ್ಕಳಿಗೆ ಗದರಿಯಾದರೂ ಹೇಳಲೇಬೇಕು.

ಶಿಕ್ಷಕರು ತಿಳಿದಿರಬೇಕಾದ ಒಂದೆರಡು ವಿವರಗಳಿವೆ, ಮಕ್ಕಳಿಗೆ ಹೇಳುವುದಕ್ಕಲ್ಲ. ನೆರಳು ಎಲ್ಲಕ್ಕಿಂತ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ. ನಮ್ಮ ಗಡಿಯಾರಗಳು 82½ ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬೈಲಹೊಂಗಲ ಅದಕ್ಕಿಂತ ಏಳೂವರೆ ಡಿಗ್ರಿಗಿಂತಲೂ ಹೆಚ್ಚು ಪಶ್ಚಿಮಕ್ಕಿರುವುದರಿಂದ ನಮ್ಮ ನೆತ್ತಿಯ ಹೊತ್ತು ಸರಾಸರಿ ಹನ್ನೆರಡೂವರೆಗೆ. ಮೇ ತಿಂಗಳ ಮೊದಲ ವಾರದಲ್ಲೊಮ್ಮೆ, ಆಗಸ್ಟಿನ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ ಸೂರ್ಯ ಈ ಊರುಗಳ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಅಂದು ನೆಟ್ಟಗೆ ನಿಂತ ಕೋಲಿಗೆ ಆ ಗಳಿಗೆಯಲ್ಲಿ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಕಿತ್ತೂರಿನ ಮೋಡ ಸೂರ್ಯನನ್ನು ಬಿಟ್ಟುಕೊಡುವುದು ಕಷ್ಟ. ರಾಮದುರ್ಗದವರ ಅದೃಷ್ಟ ತುಸು ಮೇಲು. ಜೂನ್ ಕೊನೆಗೆ ನಮ್ಮ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ 11 ಗಂಟೆಯ ಮೇಲೆ ಸ್ವಲ್ಪ. ಸಂಜೆಯ ಆಟ ಬೇಗ ಮುಗಿಯುವುದರಿಂದ ಇದು ಮಕ್ಕಳಿಗೆ ಹೇಗೂ ಗೊತ್ತೇ ಇದೆ.

ಐದು ವರ್ಷ ದಾಟಿದವರಿಗೆ ಇನ್ನೊಂದು ಆಟ. ಇದು ನಾನೇ ಕಟ್ಟಿದ್ದು, ಆದ್ದರಿಂದ ತುಸು ಹೆಚ್ಚು ಹೊಗಳಿಕೊಂಡರೆ ಮನ್ನಿಸಬೇಕು. ನಕ್ಷೆಯಲ್ಲಿ ಮೂಡಲಿನಿಂದ ಪಡುವಲಿಗೆ ಬಂದರೆ ಮೊದಲು ರಾಮದುರ್ಗ, ಆಮೇಲೆ ಸವದತ್ತಿ, ಆಮೇಲೆ ಬೈಲಹೊಂಗಲ, ಕೊನೆಗೆ ಕಿತ್ತೂರು. ವರ್ಷದ ಯಾವ ದಿನವೇ ಆಗಲಿ ಹೊತ್ತು ಮೊದಲು ಮೂಡುವುದು ರಾಮದುರ್ಗಕ್ಕೆ. ಅಲ್ಲಿಂದ ಸುಮಾರು ಎರಡು ನಿಮಿಷಕ್ಕೆ ಕಿತ್ತೂರಿಗೆ. ಎಂಟು ಹತ್ತು ಮಕ್ಕಳು ಕೈ ಕೈ ಹಿಡಿದು, ಮುಖ ಹೊರಗೆ ಮಾಡಿ ದುಂಡಗೆ ನಿಲ್ಲಬೇಕು. ಅವರಲ್ಲಿ ನಾಲ್ವರು ನಾಲ್ಕು ಊರುಗಳು: ಎಡದ ತುದಿಗೆ ರಾಮದುರ್ಗ, ಬಲದ ತುದಿಗೆ ಕಿತ್ತೂರು. ಹೊರಗೆ ಒಬ್ಬ ಹುಡುಗ ಹಿತ್ತಾಳೆಯ ತಾಟು ಹಿಡಿದು ಸೂರ್ಯನಾಗಿ ಅಲುಗದೆ ನಿಲ್ಲುತ್ತಾನೆ. ಎಲ್ಲರೂ ತಮ್ಮ ಎಡಗಡೆಗೆ ಹೆಜ್ಜೆ ಹಾಕುತ್ತ ಸುತ್ತುತ್ತಾರೆ. ತಾಟು ಕಣ್ಣಿಗೆ ಬಿದ್ದವರು “ನಮ್ಮೂರಾಗ ಹೊತ್ತು ಹೊಂಟಿತು!” ಎಂದು ಕೂಗಬೇಕು, ಕಣ್ಣಿಗೆ ಮರೆಯಾದವರು ಕಣ್ಣು ಮುಚ್ಚಿ ಗೊರಕೆ ಹೊಡೆಯಬೇಕು. ಗೊರಕೆಯ ಭಾಗವೇ ಮಕ್ಕಳಿಗೆ ಹೆಚ್ಚು ಪ್ರಿಯ. ಸೂರ್ಯನಾದ ಹುಡುಗನಿಗೆ ಸುಮ್ಮನೆ ನಿಲ್ಲುವುದೇ ಬೇಸರವಾಗಿ ಅವನೂ ಓಡತೊಡಗಿದ್ದುಂಟು. ಆಗ ಆಟ ಆರ್ಯಭಟನ ಪಕ್ಷದಿಂದ ಬ್ರಹ್ಮಗುಪ್ತನ ಪಕ್ಷಕ್ಕೆ ಹಾರಿತೆಂದು ನಾನು ಸಮಾಧಾನ ಪಟ್ಟುಕೊಂಡೆ. ಇದರ ಅರ್ಥವನ್ನು ಬಿಡಿಸಿ ಹೇಳುವ ಚಪಲವನ್ನು ದೊಡ್ಡವರು ತಡೆದುಕೊಳ್ಳಬೇಕು. ತಿರುಗಿದವರು ತಾವು, ನಿಂತವನು ಸೂರ್ಯ ಎಂಬ ಅನುಭವ ಮೈಯಲ್ಲಿ ಉಳಿದಿರುತ್ತದೆ; ಮುಂದೆ ಎಂದಾದರೂ ಪಾಠ ಬಂದಾಗ ಅದು ಎದ್ದು ಬರುತ್ತದೆ. ನಮ್ಮ ಹೆಣ್ಣುಮಕ್ಕಳ ಪುಗಡಿಯೂ, ಗಂಡುಮಕ್ಕಳ ಬುಗುರಿಯೂ ಇದೇ ಸಿದ್ಧತೆಯನ್ನು ಮಾಡುತ್ತವೆ. ಪುಗಡಿ ಆಡಿ ನಿಂತಾಗ ಲೋಕವೆಲ್ಲ ಸುತ್ತುವುದನ್ನು ಯಾರು ಕಂಡಿಲ್ಲ?

ಹಗಲಿನ ಮಾತಾಯಿತು. ಇರುಳಿಗೆ ಒಂದು ವಿಚಿತ್ರ ತೊಡಕಿದೆ: ಅಂಗನವಾಡಿಗೆ ಇರುಳು ಬರುವುದೇ ಇಲ್ಲ. ಇರುಳಿನ ಗುರು ಮನೆಯವರೇ. ಮನೆಯಲ್ಲಿ ನಾವು ಏನು ಮಾಡುತ್ತೇವೆ? ಉಣ್ಣದಿದ್ದರೆ ಗುಮ್ಮ ಬರುತ್ತಾನೆ, ಮಲಗದಿದ್ದರೆ ಹಿತ್ತಲಲ್ಲಿ ಯಾರೋ ನಿಂತಿದ್ದಾರೆ ಎನ್ನುತ್ತೇವೆ. ದಿನದ ಅರ್ಧ ಭಾಗವನ್ನು ಬೆದರುಬೊಂಬೆಯ ಕೈಗೆ ಕೊಟ್ಟು, ಅದನ್ನು ಮಗುವಿಗೆ ಪರದೇಶ ಮಾಡುತ್ತೇವೆ. ನನಗೆ ಈ ವಿಷಯದಲ್ಲಿ ಸಿಟ್ಟು ಬರುತ್ತದೆ. ಹತ್ತು ವರ್ಷವಾದರೂ ಒಬ್ಬನೇ ಹಿತ್ತಲಿಗೆ ಹೋಗಲು ಅಂಜುವ ಮಕ್ಕಳನ್ನು ನಾವೇ ತಯಾರಿಸಿ, ಆಮೇಲೆ ಪುಕ್ಕಲರೆಂದು ಬೈಯುತ್ತೇವೆ.

ಕೌದಿಯ ಆಟ ಇದಕ್ಕೆ ಒಳ್ಳೆಯ ಮದ್ದು. ಎರಡು ಕುರ್ಚಿಗಳ ಮೇಲೆ ದಪ್ಪನೆಯ ಕೌದಿ ಹೊದಿಸಿದರೆ ಒಳಗೆ ಇರುಳು, ಹೊರಗೆ ಹಗಲು. ಮಗು ತನಗೆ ಬೇಕಾದಾಗ ಇರುಳಿಗೆ ಹೋಗಬಹುದು, ಬೇಡವಾದಾಗ ತುದಿ ಎತ್ತಿ ಹಗಲಿಗೆ ಬರಬಹುದು. ಕತ್ತಲೆಯ ಕೀಲಿ ಅದರ ಕೈಯಲ್ಲಿಯೇ ಇದೆ. ಒಳಗಿದ್ದವರು ಗೂಗೆ, ನರಿ, ಕಪ್ಪೆಗಳ ದನಿ ಮಾಡುವುದು, ಹೊರಗಿನವರು ಕೋಳಿಯಾಗಿ ಕೂಗಿ ಎಬ್ಬಿಸುವುದು. ಇದೇ ಆಟದಲ್ಲಿ ಅಕ್ಕೋರು, ರಾತ್ರಿ ಯಾರು ಯಾರು ಎಚ್ಚರ ಇರತಾರ ಎಂದು ಕೇಳಿದರು. ಬಾವಲಿ, ಬೆಕ್ಕು, ನಾಯಿ ಬಂದವು. ಒಬ್ಬ ಹುಡುಗಿ, “ನಮ್ಮಪ್ಪ” ಎಂದಳು. ತ್ರೀ ಫೇಸ್ ಕರೆಂಟು ರಾತ್ರಿ ಬಂದರೆ ಕಬ್ಬಿಗೆ ನೀರು ಹಾಯಿಸಲು ಅವನು ಹೊಲಕ್ಕೆ ಹೋಗುತ್ತಾನೆ, ಬೆಳಗಾದ ಮೇಲೆ ಮಲಗುತ್ತಾನೆ. “ನಮ್ಮಪ್ಪಗ ಹಗಲ ಅಂದ್ರ ರಾತ್ರಿರಿ ಅಕ್ಕೋರ.” ಹಗಲು ದುಡಿಯುವುದಕ್ಕೆ, ರಾತ್ರಿ ಮಲಗುವುದಕ್ಕೆ ಎಂಬ ಪುಸ್ತಕದ ವಾಕ್ಯ ಆ ಒಂದು ಮಾತಿನಿಂದ ಬಿದ್ದುಹೋಯಿತು. ಆಮೇಲೆ ಬಸ್ಸಿನ ಡ್ರೈವರು, ದವಾಖಾನೆಯ ನರ್ಸು, ಸಕ್ಕರೆ ಕಾರಖಾನೆಗೆ ಕಬ್ಬು ಹೇರುವವರು ಎಲ್ಲರೂ ಕೌದಿಯೊಳಗೆ ಬಂದರು.

ನಮ್ಮ ಸೀಮೆಯಲ್ಲಿ ಇರುಳು ಬರಿಯ ನಿದ್ದೆಯ ಹೊತ್ತಾಗಿರಲಿಲ್ಲ. ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಿಯ ತೊಡೆಯ ಮೇಲೆ ಕೂಸು ಮಲಗಿರುತ್ತಿತ್ತು. ಹಾಡು ಮುಗಿಯುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳು ಬೆಳತನಕ ನಡೆಯುತ್ತಿದ್ದವು. ತೊಗಲುಗೊಂಬೆಯ ಆಟವಂತೂ ಇರುಳನ್ನೇ ಬಂಡವಾಳ ಮಾಡಿಕೊಂಡ ಕಲೆ. ಅದರ ಚಿಕ್ಕ ರೂಪವನ್ನು ಯಾವ ಮನೆಯಲ್ಲಿಯೂ ಆಡಬಹುದು: ಕರೆಂಟು ಹೋದಾಗ ಮೊಬೈಲಿನ ಬೆಳಕಿನ ಮುಂದೆ ಕೈಬೆರಳು ಹಿಡಿದು ಗೋಡೆಯ ಮೇಲೆ ಜಿಂಕೆ, ಮೊಲಗಳನ್ನು ಓಡಿಸುವುದು. ಬೆಳಿಗ್ಗೆ ಅಂಗಳದಲ್ಲಿ ತನ್ನ ನೆರಳಿಗೆ ರಂಗೋಲಿ ಹಾಕಿದ ಕೂಸು ರಾತ್ರಿ ಗೋಡೆಯ ಮೇಲೆ ಅದನ್ನೇ ಗುರುತಿಸಿದರೆ, ಬೆಳಕಿಗೆ ಅಡ್ಡ ಬಂದದ್ದೇ ಕತ್ತಲೆ ಎಂಬುದು ಯಾರೂ ಹೇಳದೆ ಅದಕ್ಕೆ ತಿಳಿದಂತಾಯಿತು.

ರಾಮದುರ್ಗದಲ್ಲಿ ಕೈಮಗ್ಗಗಳ ಸದ್ದು ಕೇಳಿ ಬೆಳೆದ ಮಕ್ಕಳಿಗೆ ನಾನು ಹೇಳುವ ಕಥೆ ವ್ಯಾಸಭಾರತದ ಆದಿಪರ್ವದ್ದು. ಉತ್ತಂಕನೆಂಬ ಶಿಷ್ಯ ನಾಗಲೋಕಕ್ಕೆ ಇಳಿದಾಗ ಇಬ್ಬರು ಹೆಂಗಸರು ಕರಿಯ, ಬಿಳಿಯ ನೂಲುಗಳಿಂದ ಬಟ್ಟೆ ನೇಯುತ್ತಿರುವುದನ್ನು ಕಾಣುತ್ತಾನೆ. ಆರು ಹುಡುಗರು ಹನ್ನೆರಡು ಅರಗಳ ಚಕ್ರವನ್ನು ತಿರುಗಿಸುತ್ತಿರುತ್ತಾರೆ. ನೂಲುಗಳು ಇರುಳು ಹಗಲುಗಳೆಂದೂ, ಹುಡುಗರು ಋತುಗಳೆಂದೂ, ಚಕ್ರ ವರ್ಷವೆಂದೂ ಆಮೇಲೆ ಅವನಿಗೆ ತಿಳಿಯುತ್ತದೆ. ನೇಕಾರರ ಓಣಿಯ ಕೂಸಿಗೆ ಇದರ ಅರ್ಥ ಹೇಳಬೇಕಾಗಿಲ್ಲ. “ಒಂದ ಬಣ್ಣದ ನೂಲಿದ್ರ ದಡಿ ಆಗಂಗಿಲ್ರಿ” ಎಂದು ಒಬ್ಬ ನನಗೇ ಹೇಳಿದ.

ಕಿತ್ತೂರಿಗೆ ಹೋದಾಗ ಅಕ್ಕ ಅಣ್ಣಂದಿರ ಜೊತೆಗೆ ಚಿಕ್ಕವರನ್ನೂ ಕೋಟೆಗೆ ಕರೆದೊಯ್ಯುವುದುಂಟು. ಹಾಳಾಗಿ ನಿಂತ ಅರಮನೆಯಲ್ಲಿ ಧ್ರುವ ನಕ್ಷತ್ರವನ್ನು ನೋಡುವುದಕ್ಕೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯಿದೆ. ಬೀಸುವ ಕಲ್ಲು ತಿರುಗುವಾಗ ನಡುವಿನ ಗೂಟ ಇದ್ದಲ್ಲಿಯೇ ಇರುವಂತೆ, ಇರುಳಿನ ಆಕಾಶವೆಲ್ಲ ತಿರುಗಿದರೂ ಈ ಚುಕ್ಕಿ ಜಾಗ ಬಿಟ್ಟು ಕದಲಿದಂತೆ ಕಾಣುವುದಿಲ್ಲ. ಕಿತ್ತೂರಿನಲ್ಲಿ ಅದು ಬಡಗಣ ದಿಗಂತದಿಂದ ಹದಿನೈದೂವರೆ ಡಿಗ್ರಿಯಷ್ಟೇ ಮೇಲಿದೆ. ಚಾಚಿದ ಕೈಯ ಒಂದೂವರೆ ಮುಷ್ಟಿಯೆನ್ನಬಹುದು. ಚಿಕ್ಕವರಿಗೆ ಕಿಂಡಿಯಲ್ಲಿ ಇಣುಕುವುದಷ್ಟೇ ಆಟ, ಅದು ಸಾಕು.

ಕೊನೆಗೆ ಒಂದು ದೂರು. ಶಾಲೆಗಳ ಗೋಡೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಚಿತ್ರಪಟವಿದೆ: ಅರ್ಧ ಬಿಳಿ, ಅರ್ಧ ಕಪ್ಪು, ಬಿಳಿಯ ಅರ್ಧದಲ್ಲಿ ನಗುವ ಸೂರ್ಯ, ಕಪ್ಪಿನಲ್ಲಿ ಚಂದ್ರ. ಚಂದ್ರ ರಾತ್ರಿಯ ನೌಕರ ಎಂಬ ಸುಳ್ಳನ್ನು ಇದು ಮಕ್ಕಳಿಗೆ ಕಲಿಸುತ್ತದೆ. ಚಂದ್ರನ ಕಡೆಗೆ ಯಾವಾಗಲೂ ರಾತ್ರಿ ಎಂದ ಅಮೆರಿಕದ ಮಕ್ಕಳನ್ನು ತಾವು ಆಗಲೇ ಕಂಡಿರಿ. ನಿಜವಾದ ಚಂದ್ರ ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನೂ ಹುಣ್ಣಿಮೆಯ ಸುತ್ತಲಿನ ದಿನಗಳನ್ನೂ ಬಿಟ್ಟರೆ ಹಗಲಿನ ಒಂದಲ್ಲ ಒಂದು ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತಾನೆ. ಹುಣ್ಣಿಮೆಯಾದ ಒಂದು ವಾರಕ್ಕೆ ಬೆಳಗಿನ ಎಂಟರ ಸುಮಾರಿಗೆ ಪಡುವಣ ಆಕಾಶದಲ್ಲಿ ಅರ್ಧ ಸವೆದ ಬಿಳಿಯ ಚೂರಾಗಿ ನಿಂತಿರುತ್ತಾನೆ. ಅಂಥದೊಂದು ಅಷ್ಟಮಿಯ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹುಡುಗಿಯೊಬ್ಬಳು ಅವನನ್ನು ಕಂಡು, “ಇವಾ ಯಾಕ ಇನ್ನೂ ಮನಿಗಿ ಹೋಗಿಲ್ರಿ ಅಕ್ಕೋರ?” ಎಂದಳು. “ನನಗೂ ಗೊತ್ತಿಲ್ಲವಾ. ನಾಳಿ ಇರತಾನೇನ ನೋಡೂಣು” ಎಂದರು ಅಕ್ಕೋರು. ಮರುದಿನ ಇದ್ದ, ಸ್ವಲ್ಪ ಸಣ್ಣವನಾಗಿ, ಸೂರ್ಯನ ಕಡೆಗೆ ಸ್ವಲ್ಪ ಸರಿದು. ಅದರ ಮರುದಿನವೂ ಇದ್ದ. ಆರನೆಯ ದಿನ ಮಕ್ಕಳೆಲ್ಲ ಅಂಗಳದಲ್ಲಿ ಕತ್ತೆತ್ತಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನು ಎಲ್ಲಿ ಹೋದನೆಂಬ ಚರ್ಚೆ ಅಂದು ಮಧ್ಯಾಹ್ನದ ಊಟದ ತನಕ ನಡೆಯಿತಂತೆ.